ಹೆಡ್‌ಫೋನಿನಲ್ಲಿ ಮೃದಂಗ ಎಲ್ಲಿ ಕೂರುತ್ತದೆ?

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಕ್ರಮವಿದೆ. ನಡುವೆ ಹಾಡುವವರು, ಅವರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ, ಹಿಂದೆ ತಂಬೂರಿ. ಎದುರಿಗೆ ಕೂತ ನಮಗೆ ಮೃದಂಗ ಎಡಗಡೆ, ಪಿಟೀಲು ಬಲಗಡೆ. ಇದು ಬರೀ ಸಂಪ್ರದಾಯವಲ್ಲ. ಮೃದಂಗದ ಬಲಮುಖದಲ್ಲಿ ಕರಣೆಯೆಂಬ ಕಪ್ಪು ಲೇಪನವಿದೆ, ಸ್ಪಷ್ಟವಾದ ಶ್ರುತಿ ಹೊಮ್ಮುವುದು ಅಲ್ಲಿಂದ. ಆ ಮುಖ ಸಭೆಯ ಕಡೆಗೆ ಇರಬೇಕಾದರೆ ಬಲಗೈ ವಾದಕರು ಅಲ್ಲಿಯೇ ಕೂರಬೇಕು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈ ವಾದಕರು. ಅವರು ಪಕ್ಕವಾದ್ಯಕ್ಕೆ ಬಂದಾಗ ಪಿಟೀಲಿನವರು ಜಾಗ ಬಿಟ್ಟುಕೊಡಬೇಕಾಗುತ್ತಿತ್ತು, ಆ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ.

ಇದೇ ಕಚೇರಿಯ ಧ್ವನಿಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿ. ಹಾಡುವವರು ನಮ್ಮ ಎರಡು ಕಿವಿಗಳ ನಟ್ಟನಡುವೆ, ತಲೆಯೊಳಗೇ ಕೂತಿರುತ್ತಾರೆ. ಮೃದಂಗ ಎಡಗಿವಿಗೆ ಅಂಟಿಕೊಂಡಿರುತ್ತದೆ, ಪಿಟೀಲು ಬಲಗಿವಿಗೆ. ಮುಂದೆ ಎಂಬುದೇ ಇಲ್ಲ. ಆದರೆ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡರೆ ಅದೇ ಮುದ್ರಣ ಬಿಚ್ಚಿಕೊಳ್ಳುತ್ತದೆ. ಪಿಟೀಲು ಭುಜದಾಚೆಗೆ ಸರಿಯುತ್ತದೆ, ಮೃದಂಗದ ಸುತ್ತ ಸ್ವಲ್ಪ ಗಾಳಿಯಾಡುತ್ತದೆ, ತಂಬೂರಿ ಹಿಂದಕ್ಕೆ ಹೋಗುತ್ತದೆ. ಕೇಳುಗರು ಇದನ್ನು ಸೌಂಡ್‌ಸ್ಟೇಜ್ ಎನ್ನುತ್ತಾರೆ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯಿಂದ ಹಿಡಿದು ಮೊಬೈಲಿನ ಜಾಹೀರಾತಿನವರೆಗೆ ಎಲ್ಲ ಕಡೆಯೂ ಇದು ಹೆಡ್‌ಫೋನಿನ ಗುಣವೆಂಬಂತೆ ಮಾರಾಟವಾಗುತ್ತಿದೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎನ್ನುವ ಹಾಗೆ.

ಅದು ಹಾಗಲ್ಲ. ಸ್ಟೇಜು ಹೆಡ್‌ಫೋನಿನೊಳಗೆ ಇರುವ ವಸ್ತುವಲ್ಲ. ಕಿವಿಗೆ ಬಂದ ಸುಳಿವುಗಳಿಂದ ನಮ್ಮ ಮಿದುಳು ಅದನ್ನು ಕಟ್ಟುತ್ತದೆ. ಹೆಡ್‌ಫೋನ್ ಮಾಡುವುದು ಎರಡೇ ಕೆಲಸ: ಮುದ್ರಣದಲ್ಲಿದ್ದ ಸುಳಿವುಗಳನ್ನು ಉಳಿಸುತ್ತದೆ ಅಥವಾ ಅಳಿಸುತ್ತದೆ, ಕೆಲವು ಸಲ ಇಲ್ಲದ ಸುಳಿವನ್ನು ತಾನೇ ಸೇರಿಸುತ್ತದೆ. ಯಾವುದು ಎಲ್ಲಿ ನಡೆಯುತ್ತಿದೆ ಎಂದು ಗೊತ್ತಾದರೆ ಕೊಳ್ಳುವವರಿಗೆ ಮೋಸವಾಗುವುದು ಕಡಿಮೆ.

ಈ ಮಾತನ್ನು ಬೆಂಗಳೂರಿನ ಯಶವಂತಪುರದಿಂದ ಶುರುಮಾಡುವುದು ನ್ಯಾಯ. ಅಲ್ಲಿಂದ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದರು. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆದಿದ್ದ ಅವರಿಗೆ ಕಿವಿಯ ಮೇಲಿನ ಪ್ರೀತಿ ಅದಕ್ಕಿಂತ ಹಳೆಯದು. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲೇ, ಶಿವಕಾಳಿ ಕುಮಾರ್ ಜೊತೆ ನಮ್ಮ ಚರ್ಮವಾದ್ಯಗಳ ಬಗ್ಗೆ ‘ನೇಚರ್’ ಪತ್ರಿಕೆಗೆ ಬರೆದಿದ್ದರು. ಮರುವರ್ಷ ತಂಬೂರಿ, ವೀಣೆಗಳ ಕುದುರೆ ತಂತಿಯ ನಾದವನ್ನು ಹೇಗೆ ತುಂಬಿಕೊಡುತ್ತದೆ ಎಂದು ವಿವರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ, ತಾವೇ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ, ಮೃದಂಗ ತಬಲಾಗಳ ವಿಸ್ತಾರವಾದ ಲೇಖನ ಪ್ರಕಟಿಸಿದರು. ಹೆಬ್ಬಾಳದಿಂದ ಮೇಖ್ರಿ ವೃತ್ತಕ್ಕೆ ಬಂದರೆ ಹತ್ತಿರದಲ್ಲೇ ಇರುವ ರಾಮನ್ ಸಂಶೋಧನಾ ಸಂಸ್ಥೆ ಆಮೇಲಿನದು, 1948ರದ್ದು. ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ಬಿ.ಎಸ್. ರಾಮಕೃಷ್ಣ ಅವರಂಥವರು ಧ್ವನಿವಿಜ್ಞಾನವನ್ನು ಬೆಳೆಸಿದರು.

ರಾಮನ್ ಕಂಡದ್ದು ಇಷ್ಟು. ಸಾಮಾನ್ಯ ಡೋಲಿನ ಚರ್ಮ ಬಡಿದಾಗ ಹೊರಡುವ ಕಂಪನಗಳ ಅನುಪಾತ 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಅದಕ್ಕೇ ಅಲ್ಲಿ ಸದ್ದಿದೆ, ಸ್ವರವಿಲ್ಲ. ಮೃದಂಗದ ಚರ್ಮದ ನಡುವೆ ಪದರ ಪದರವಾಗಿ ಕರಣೆ ಹಾಕಿದಾಗ ಅದೇ ಕಂಪನಗಳು 1, 2, 3, 4, 5ರ ಸಾಲಿಗೆ ಬರುತ್ತವೆ, ತಂತಿವಾದ್ಯದಲ್ಲಿ ಬರುವಂತೆ. ಅಂದರೆ ಮೃದಂಗದ ಒಂದೇ ಒಂದು ಪೆಟ್ಟು ಹಲವು ಕಂಪನಾಂಕಗಳ ಒಂದು ಕುಟುಂಬ. ಬೆರಳು ಚರ್ಮಕ್ಕೆ ತಾಗಿದ ಕ್ಷಣದ ಚುರುಕು ಸದ್ದು ಸಾವಿರಾರು ಹರ್ಟ್ಸ್‌ನಲ್ಲಿ, ಅದರ ನಾದ ನೂರಾರು ಹರ್ಟ್ಸ್‌ನಲ್ಲಿ, ರವೆಯ ಹಿಟ್ಟು ಮೆತ್ತಿದ ಎಡಮುಖದ ಗುಮ್ಮು ಇನ್ನೂ ಕೆಳಗೆ. ಈ ಕುಟುಂಬದಲ್ಲಿ ಯಾರನ್ನು ಎಷ್ಟು ಎತ್ತಿ ಹೇಳಬೇಕು, ಯಾರನ್ನು ತಗ್ಗಿಸಬೇಕು ಎಂದು ತೀರ್ಮಾನಿಸುವುದೇ ಹೆಡ್‌ಫೋನಿನ ಫ್ರೀಕ್ವೆನ್ಸಿ ರೆಸ್ಪಾನ್ಸ್. ಚುರುಕು ಸದ್ದು ಮುಂದಾದರೆ ಮೃದಂಗ ನಮ್ಮ ಹತ್ತಿರಕ್ಕೆ ಬರುತ್ತದೆ. ಅದು ಮಂಕಾದರೆ ಹಿಂದಕ್ಕೆ, ಪರದೆಯ ಆಚೆಗೆ ಹೋಗುತ್ತದೆ.

ಎಡಬಲ ಗುರುತಿಸುವ ಲೆಕ್ಕವನ್ನು ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1907ರಲ್ಲೇ ಬಿಡಿಸಿದ್ದರು. ಎಡದಿಂದ ಬಂದ ಸದ್ದು ಬಲಗಿವಿಯನ್ನು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದ ಮೂರನೇ ಎರಡರಷ್ಟು ತಡವಾಗಿ ತಲುಪುತ್ತದೆ. ಅಷ್ಟು ಸಾಕು ಮಿದುಳಿಗೆ. ಸುಮಾರು 1,500 ಹರ್ಟ್ಸ್‌ವರೆಗೆ ಈ ತಡ ಕೆಲಸ ಮಾಡುತ್ತದೆ, ಅದಕ್ಕಿಂತ ಮೇಲೆ ತಲೆಯೇ ಅಡ್ಡವಾಗಿ ಬಲಗಿವಿಗೆ ಸದ್ದು ತಗ್ಗುವುದು ಸುಳಿವಾಗುತ್ತದೆ. ಕಚೇರಿಯಲ್ಲಿ ಕೂತಾಗ ಮೃದಂಗ ಎರಡೂ ಕಿವಿಗೆ ಕೇಳಿಸುತ್ತದೆ, ಎಡಕ್ಕೆ ಮೊದಲು, ಬಲಕ್ಕೆ ಆಮೇಲೆ. ಹೆಡ್‌ಫೋನಿನಲ್ಲಿ ಎಡದ ಚಾನೆಲ್ ಎಡಗಿವಿಗೆ ಮಾತ್ರ. ಬಲಗಿವಿಗೆ ಏನೂ ದಾಟುವುದಿಲ್ಲ. ಒಂದೇ ಕಿವಿಗೆ ಕೇಳುವ ಸದ್ದು ಪ್ರಕೃತಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕಿವಿಯೊಳಗೆ ನುಗ್ಗಿದ ಸೊಳ್ಳೆಯನ್ನು ಬಿಟ್ಟರೆ. ಆದ್ದರಿಂದಲೇ ಅದು ಕಿವಿಗೆ ಅಂಟುತ್ತದೆ. 1961ರಲ್ಲಿ ಬೆಂಜಮಿನ್ ಬಾವರ್ ಎಂಬ ಎಂಜಿನಿಯರ್ ಇದಕ್ಕೊಂದು ಮದ್ದು ಸೂಚಿಸಿದರು: ಎಡದ ಸದ್ದನ್ನು ಸ್ವಲ್ಪ ತಗ್ಗಿಸಿ, ಚೂರು ತಡಮಾಡಿ ಬಲಕ್ಕೂ ಕಳಿಸುವುದು. ಕ್ರಾಸ್‌ಫೀಡ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಹಲವು ಪ್ಲೇಯರ್ ಆ್ಯಪ್‌ಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಹಳೆಯ, ಎಡಬಲ ಕಡುವಾಗಿ ಸೀಳಿದ ಸ್ಟಿರಿಯೋ ಮುದ್ರಣಗಳಿಗೆ ಅದು ನಿಜಕ್ಕೂ ಒಳ್ಳೆಯದು.

ಎಡಬಲವಾಯಿತು. ಮುಂದೆ, ಹಿಂದೆ, ಮೇಲೆ? ಮನೆಯಲ್ಲಿ ಯಾರಿಗಾದರೂ ಬೀಗದ ಕೈ ಗೊಂಚಲು ಕೊಟ್ಟು, ನೀವು ಕಣ್ಣು ಮುಚ್ಚಿ ಕೂತು, ನೆತ್ತಿಯ ಮೇಲೆ, ಮೂಗಿನ ಎದುರು, ಬೆನ್ನ ಹಿಂದೆ ಅಲ್ಲಾಡಿಸಲು ಹೇಳಿ. ಮೂರೂ ಕಡೆಯಿಂದ ಸದ್ದು ಎರಡೂ ಕಿವಿಗೆ ಒಟ್ಟಿಗೇ ಬರುತ್ತದೆ, ಆದರೂ ಗುರುತಿಸುತ್ತೀರಿ. ಈಗ ಎರಡೂ ಕಿವಿಯ ಹಾಲೆಗಳ ಮಡಿಕೆಗಳನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ರಂಧ್ರ ಮುಚ್ಚದಂತೆ ನೋಡಿಕೊಂಡು, ಮತ್ತೆ ಪ್ರಯತ್ನಿಸಿ. ಈಗ ತಪ್ಪುಗಳು ಶುರುವಾಗುತ್ತವೆ. ಕಿವಿಯ ಹೊರಗಿನ ಮಡಿಕೆಗಳಲ್ಲಿ ಸದ್ದು ಪುಟಿದು, ಸುಮಾರು 5,000ದಿಂದ 10,000 ಹರ್ಟ್ಸ್ ನಡುವೆ ಕೆಲವು ಕಂಪನಾಂಕಗಳು ತಗ್ಗುತ್ತವೆ, ಕೆಲವು ಏರುತ್ತವೆ. ದಿಕ್ಕು ಬದಲಾದಂತೆ ಈ ಏರುತಗ್ಗಿನ ನಕ್ಷೆ ಬದಲಾಗುತ್ತದೆ. ಮಿದುಳು ಆ ನಕ್ಷೆಯನ್ನು ಬಾಯಿಪಾಠ ಮಾಡಿಕೊಂಡಿದೆ. ಜರ್ಮನಿಯ ಯೆನ್ಸ್ ಬ್ಲಾವರ್ಟ್ 1960ರ ದಶಕದ ಕೊನೆಯಲ್ಲಿ ತೋರಿಸಿದ ಸಂಗತಿ ಇನ್ನೂ ಬೆರಗಿನದು: 8,000 ಹರ್ಟ್ಸ್ ಸುತ್ತಲಿನ ಕಿರಿದಾದ ಸದ್ದನ್ನು ಎದುರಿನಿಂದ ಕೇಳಿಸಿದರೂ ಜನ ಅದು ಮೇಲಿನಿಂದ ಬಂತು ಎನ್ನುತ್ತಾರೆ, 1,000 ಹರ್ಟ್ಸ್ ಸುತ್ತಲಿನದನ್ನು ಹಿಂದಿನಿಂದ ಬಂತು ಎನ್ನುತ್ತಾರೆ. ಅಂದರೆ ಸದ್ದಿನ ಬಣ್ಣವೇ ದಿಕ್ಕಾಗುತ್ತದೆ. ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ ಸೌಂಡ್‌ಸ್ಟೇಜಿಗೂ ಇರುವ ಕರುಳಬಳ್ಳಿ ಇದು.

ಈ ನಕ್ಷೆ ಒಬ್ಬೊಬ್ಬರದು ಒಂದೊಂದು ತರ, ಕಿವಿಯ ಆಕಾರ ಬೇರೆ ಬೇರೆಯಾದ್ದರಿಂದ. 1998ರಲ್ಲಿ ನೆದರ್ಲೆಂಡ್ಸ್‌ನ ನೈಮೇಗನ್ ವಿಜ್ಞಾನಿಗಳು ಕೆಲವರ ಕಿವಿಹಾಲೆಯೊಳಗೆ ಅಚ್ಚು ಕೂರಿಸಿ ಅದರ ಆಕಾರ ಬದಲಿಸಿದರು. ಮೇಲೆ ಕೆಳಗೆ ಗುರುತಿಸುವ ಶಕ್ತಿ ಅವರಿಗೆ ತಕ್ಷಣ ಹೋಯಿತು. ಅಚ್ಚನ್ನು ಹಾಕಿಕೊಂಡೇ ಓಡಾಡುತ್ತಿದ್ದಂತೆ ಕೆಲವು ವಾರಗಳಲ್ಲಿ ಮಿದುಳು ಹೊಸ ಕಿವಿಯನ್ನು ಕಲಿತುಬಿಟ್ಟಿತು. ಅಚ್ಚು ತೆಗೆದಾಗ ಹಳೆಯ ಪಾಠವೂ ಮರೆತಿರಲಿಲ್ಲ. ಹೊಸ ಹೆಡ್‌ಫೋನ್ ಕೆಲವು ದಿನ ಓಡಿದ ಮೇಲೆ ‘ಬಿಚ್ಚಿಕೊಂಡಿತು’ ಎಂದು ಸ್ನೇಹಿತರು ಹೇಳುವಾಗ ನನಗೆ ನೆನಪಾಗುವುದು ಈ ಪ್ರಯೋಗ. ಹೆಡ್‌ಫೋನ್ ಬದಲಾದದ್ದಕ್ಕಿಂತ ಕೇಳುಗ ಹೊಂದಿಕೊಂಡದ್ದೇ ಹೆಚ್ಚು ಎಂದು ನನ್ನ ಅನಿಸಿಕೆ.

ಹೆಡ್‌ಫೋನಿನ ಗ್ರಾಫ್ ನೇರವಾದ ಗೆರೆಯಾಗಿದ್ದರೆ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಸ್ಪೀಕರಿಗೆ ಅದು ಸರಿ, ಹೆಡ್‌ಫೋನಿಗೆ ತಪ್ಪು. ನಮ್ಮ ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಅದು 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಏರಿಸುತ್ತದೆ. ಎದುರಿನ ಗಾಯಕರ ದನಿ ಕಿವಿಯ ತಮಟೆಗೆ ತಲುಪುವಾಗ ಈ ಏರಿಕೆ ಅದರಲ್ಲಿ ಸೇರಿರುತ್ತದೆ, ಮಿದುಳು ಅದನ್ನು ಸಹಜವೆಂದೇ ನಂಬಿದೆ. ಸದ್ದು ಹೊರಡಿಸುವ ಡ್ರೈವರನ್ನು ಕಿವಿಗೇ ಕಟ್ಟಿದಾಗ ತಲೆ, ಭುಜ, ಹಾಲೆ, ನಾಳಗಳು ಮಾಡುತ್ತಿದ್ದ ಕೆಲಸದಲ್ಲಿ ಒಂದಿಷ್ಟು ತಪ್ಪಿಹೋಗುತ್ತದೆ. ಆ ಕೊರತೆಯನ್ನು ಹೆಡ್‌ಫೋನೇ ತುಂಬಿಕೊಡಬೇಕು. ಎಷ್ಟು ತುಂಬಬೇಕು? ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರ ಸುಮಾರಿನಿಂದ ಕೇಳುಗರನ್ನು ಕೂರಿಸಿ ಪರೀಕ್ಷೆ ನಡೆಸಿದರು. ಹೆಚ್ಚಿನವರು ಮೆಚ್ಚಿದ್ದು ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತಿರುವ ರೆಸ್ಪಾನ್ಸನ್ನು: 3,000ದ ಬಳಿ ದೊಡ್ಡ ಏರು, ಕೆಳಗೆ ಬಾಸ್ ಸ್ವಲ್ಪ ಹೆಚ್ಚು. ಹರ್ಮನ್ ಟಾರ್ಗೆಟ್ ಎಂದು ಹೆಸರಾದ ಗೆರೆ ಇದೇ.

ಆ ಗೆರೆಯಿಂದ ಜಾರಿದಾಗ ಸ್ಟೇಜು ಬದಲಾಗುವುದನ್ನು ಸೆನ್‌ಹೈಸರ್‌ನ ಎರಡು ಹೆಡ್‌ಫೋನುಗಳಲ್ಲಿ ಚೆನ್ನಾಗಿ ಕೇಳಬಹುದು. 1997ರಲ್ಲಿ ಬಂದ ಎಚ್‌ಡಿ 600ರಲ್ಲಿ ದನಿಯ ಪ್ರದೇಶ ತುಂಬಿಕೊಂಡಿದೆ. ಸಾಹಿತ್ಯದ ಒಂದೊಂದು ಅಕ್ಷರವೂ ಕೇಳುತ್ತದೆ, ಹಾಡುವವರು ಹತ್ತಿರ. ಸ್ಟೇಜು ಚಿಕ್ಕದೆಂದು ಅದರ ಮೇಲೆ ದೂರು. 2009ರ ಎಚ್‌ಡಿ 800 ವಿಶಾಲವಾದ ಸ್ಟೇಜಿಗೆ ಹೆಸರುವಾಸಿ. ಅದರ 56 ಮಿಲಿಮೀಟರ್ ಡ್ರೈವರ್ ಕಿವಿಯಿಂದ ದೂರದಲ್ಲಿ, ಮುಂದಿನಿಂದ ಓರೆಯಾಗಿ ಕೂತಿದೆ. ಕಪ್ ಎಷ್ಟು ದೊಡ್ಡದೆಂದರೆ ಕಿವಿಹಾಲೆ ಎಲ್ಲಿಯೂ ತಾಗುವುದಿಲ್ಲ. ಸದ್ದು ಹಾಲೆಯ ಮಡಿಕೆಗಳಿಗೆ ಓರೆಯಲ್ಲಿ ಬಡಿಯುವುದರಿಂದ ನಮ್ಮದೇ ನಕ್ಷೆ ಒಂದಿಷ್ಟು ಕೆಲಸಕ್ಕೆ ಬರುತ್ತದೆ. ಇದು ನಿಜವಾದ ವಿನ್ಯಾಸದ ಗೆಲುವು. ಆದರೆ ಅಲ್ಲಿಗೇ ಮುಗಿಯಲಿಲ್ಲ. ದನಿಯ ಮೇಲಿನ ಭಾಗ ಸ್ವಲ್ಪ ತಗ್ಗಿ, 6,000 ಹರ್ಟ್ಸ್ ಬಳಿ ಚೂಪಾದ ಏರೊಂದು ಅದರಲ್ಲಿತ್ತು. ತಗ್ಗಿನಿಂದ ಹಾಡುವವರು ಹಿಂದಕ್ಕೆ ಸರಿದರು, ಏರಿನಿಂದ ಅಂಚುಗಳು ಮಿಂಚಿದವು, ಎರಡೂ ಸೇರಿ ಸಭಾಂಗಣ ದೊಡ್ಡದಾಯಿತು. ಸ ಶ ಅಕ್ಷರಗಳು ಚುಚ್ಚತೊಡಗಿದವು. ಮುಂದೆ ಬಂದ ಎಚ್‌ಡಿ 800 ಎಸ್‌ನಲ್ಲಿ ಆ ಏರನ್ನು ಹೀರಿಕೊಳ್ಳುವ ವ್ಯವಸ್ಥೆಯನ್ನು ಕಂಪನಿಯೇ ಸೇರಿಸಿತು. ನನ್ನ ಮಟ್ಟಿಗೆ, ಆಲಾಪನೆ ಕೇಳಲು ಎಚ್‌ಡಿ 800ರ ದೂರ ಸೊಗಸು. ವಚನ, ದೇವರನಾಮ ಕೇಳಲು ಎಚ್‌ಡಿ 600. ಮಾತು ಮುಖ್ಯವಾದ ಸಂಗೀತದಲ್ಲಿ ಹಾಡುವವರನ್ನು ಹಿಂದಕ್ಕೆ ತಳ್ಳುವ ಸ್ಟೇಜು ಎಷ್ಟು ಅಗಲವಾಗಿದ್ದರೂ ನಷ್ಟವೇ.

ಅಗ್ಗದ ಹೆಡ್‌ಫೋನುಗಳು ಕಲಿತದ್ದು ಈ ಎರಡನೆಯ ತಂತ್ರವನ್ನು ಮಾತ್ರ. ಓರೆ ಡ್ರೈವರಿಗೆ, ದೊಡ್ಡ ಕಪ್ಪಿಗೆ ಖರ್ಚಾಗುತ್ತದೆ. ಮಧ್ಯದ ದನಿ ತಗ್ಗಿಸಿ ಮೇಲಿನ ತುದಿ ಏರಿಸುವುದಕ್ಕೆ ಖರ್ಚಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಅಗಲವೆನಿಸುತ್ತದೆ. ಮನೆಗೆ ತಂದು ಒಂದು ಗಂಟೆ ಕೇಳಿದಾಗ ಕಿವಿ ದಣಿಯುತ್ತದೆ.

ಇನ್ನು ಕಪ್ಪಿನ ಮಾತು. 1968ರಲ್ಲಿ ಸೆನ್‌ಹೈಸರ್‌ನ ಎಚ್‌ಡಿ 414 ಬರುವವರೆಗೆ ಹೆಡ್‌ಫೋನ್ ಎಂದರೆ ಮುಚ್ಚಿದ ಡಬ್ಬಿಯೇ. ಅದು ಹಿಂಬದಿ ತೆರೆದಿಟ್ಟ ಮೊದಲ ಹೆಡ್‌ಫೋನ್. ಡ್ರೈವರಿನ ಹಿಂಭಾಗದಿಂದಲೂ ಸದ್ದು ಹೊರಡುತ್ತದೆ. ಡಬ್ಬಿ ಮುಚ್ಚಿದ್ದರೆ ಅದು ಒಳಗೇ ಪುಟಿದು ಕಿವಿಗೆ ಮರಳುತ್ತದೆ, ಮೂಲದಲ್ಲಿಲ್ಲದ ಏರುತಗ್ಗುಗಳನ್ನು ಸೇರಿಸುತ್ತದೆ. ಮಿದುಳಿಗೆ ಆ ಪುಟಿತ ಒಂದು ಪುಟ್ಟ ಕೋಣೆಯ ಗುರುತು. ತೆರೆದ ಕಪ್ಪಿನಲ್ಲಿ ಅದು ಹೊರಹೋಗುತ್ತದೆ, ಜೊತೆಗೆ ಮನೆಯ ಸದ್ದೂ ಒಳಬರುವುದರಿಂದ ನಾವು ಕೋಣೆಯಲ್ಲೇ ಇದ್ದೇವೆಂಬ ಭಾವ ಉಳಿಯುತ್ತದೆ. 1989ರ ಸುಮಾರಿಗೆ ಎಕೆಜಿ ಕಂಪನಿ ಕೆ1000 ಎಂಬ ಮಾದರಿಯಲ್ಲಿ ಕಪ್ಪನ್ನೇ ಬಿಟ್ಟು, ಕಿವಿಯ ಎದುರು ಎರಡು ಪುಟ್ಟ ಸ್ಪೀಕರುಗಳನ್ನು ತೂಗುಹಾಕಿತ್ತು. ಇನ್ನೊಂದು ತುದಿಯಲ್ಲಿ ನಾಳದೊಳಗೆ ತೂರುವ ಇಯರ್‌ಫೋನ್‌ಗಳಿವೆ. ಅವು ಕಿವಿಹಾಲೆಯನ್ನು ಪೂರ್ತಿ ದಾಟಿಬಿಡುತ್ತವೆ, ಹಾಗಾಗಿ ಮುಂದೆ ಹಿಂದೆಯ ಸುಳಿವಿಗೆ ಪೂರ್ತಿ ಟ್ಯೂನಿಂಗನ್ನೇ ನಂಬಬೇಕು. ಎಡಬಲ ಡ್ರೈವರುಗಳು ಒಂದೇ ಸಮ ಇರುವುದೂ ಮುಖ್ಯ. ಒಂದು ಡೆಸಿಬೆಲ್ ಹೆಚ್ಚುಕಡಿಮೆಯಾದರೂ ನಡುವಿನ ದನಿ ಪಕ್ಕಕ್ಕೆ ವಾಲುತ್ತದೆ. ಕನ್ನಡಕದ ಕಡ್ಡಿ ಒಂದು ಕಡೆ ಕುಶನ್ನನ್ನು ಎತ್ತಿದರೆ ಮುಚ್ಚಿದ ಹೆಡ್‌ಫೋನಿನಲ್ಲಿ ಆ ಕಡೆಯ ಬಾಸ್ ಸೋರಿಹೋಗುತ್ತದೆ, ಎಡಮುಖದ ಗುಮ್ಮೂ ಅದರ ಜೊತೆ.

ತೆರೆದದ್ದೇ ಉತ್ತಮ ಎಂದರೆ ಮಾತು ಮುಗಿಯುವುದಿಲ್ಲ, ಯಾಕೆಂದರೆ ನಾವಿರುವುದು ಉತ್ತರ ಬೆಂಗಳೂರಿನಲ್ಲಿ. ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗುವ ಬಿಎಂಟಿಸಿ ಬಸ್ಸು ಹೆಬ್ಬಾಳ ಫ್ಲೈಓವರ್ ಏರುವಾಗಿನ ಎಂಜಿನ್ನಿನ ಗುಂಯ್ ಸದ್ದು ಬಹುಪಾಲು ಕೆಳಗಿನ ಕಂಪನಾಂಕಗಳದು. ಕೆಳಗಿನ ಸದ್ದು ಮೇಲಿನದನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು, ಇದು ಕಿವಿಯ ಸ್ವಭಾವ. ಮೊದಲು ಮುಳುಗುವುದು ಅತಿ ಸಣ್ಣ ಸದ್ದುಗಳು: ಪೆಟ್ಟಿನ ನಂತರ ಸಭಾಂಗಣದ ಗೋಡೆಗೆ ತಾಗಿ ಬಂದ ಅನುರಣನ, ತಂಬೂರಿಯ ಜೀವಾಳ, ಗಾಯಕರು ಉಸಿರೆಳೆದುಕೊಂಡದ್ದು. ದೂರ ಮತ್ತು ಆಳ ಇರುವುದು ಅವುಗಳಲ್ಲೇ. ಬಸ್ಸಿನಲ್ಲಿ ತೆರೆದ ಹೆಡ್‌ಫೋನ್ ಹಾಕಿಕೊಂಡರೆ ಸ್ಟೇಜಿಗಾಗಿ ಕೊಟ್ಟ ಹಣವೆಲ್ಲ ರಸ್ತೆಗೆ ಹೋದಂತೆ. ಅಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇರುವ ಮುಚ್ಚಿದ ಹೆಡ್‌ಫೋನಿನ ಸಣ್ಣ ಸ್ಟೇಜೇ ದೊಡ್ಡದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನದೊಳಗೆ ಕೂತು ಈ ತಂತ್ರದ ಲೆಕ್ಕ ಹಾಕಿದ್ದರು, 1989ರಲ್ಲಿ ಅದು ಮೊದಲು ತಲುಪಿದ್ದು ವಿಮಾನ ನಡೆಸುವವರ ಹೆಡ್‌ಸೆಟ್ಟಿಗೆ. ಯಲಹಂಕ ವಾಯುನೆಲೆಯ ಏರೋ ಇಂಡಿಯಾ ವಿಮಾನ ಪ್ರದರ್ಶನದ ದಿನಗಳಲ್ಲಿ ಸುತ್ತಲಿನವರಿಗೆ ಅದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹನ್ನೊಂದರ ಮೇಲೆ ಆರ್.ಟಿ. ನಗರದ ಒಳರಸ್ತೆಗಳು ತಣ್ಣಗಾದ ಮೇಲೆ ತೆರೆದ ಹೆಡ್‌ಫೋನಿನ ಸಮಯ.

ಮುದ್ರಣವನ್ನೂ ನೋಡಿ ಆಸೆಪಡಬೇಕು. 1960, 70ರ ದಶಕದ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ, ಬಹುಪಾಲು ಮೊನೊ ರೂಪದಲ್ಲಿ ಮುದ್ರಣವಾದವು. ಅವುಗಳಲ್ಲಿ ಎಡಬಲವೇ ಇಲ್ಲ. ಯಾವ ಹೆಡ್‌ಫೋನೂ ಅಲ್ಲಿ ಅಗಲವನ್ನು ಹುಟ್ಟಿಸಲಾರದು. ಆದರೆ ಆಳವಿದೆ: ಮೈಕಿನಿಂದ ದೂರ ಕೂತ ಪಿಟೀಲುಗಳು ಮೊನೊದಲ್ಲೂ ಹಿಂದೆ ಕೇಳುತ್ತವೆ. ನಮ್ಮ ಸಭೆಗಳಲ್ಲಿ ನೇರವಾಗಿ ಕೇಳುವಾಗಲೂ ಎಚ್ಚರ ಬೇಕು. ದೊಡ್ಡ ಸಭಾಂಗಣಗಳಲ್ಲಿ ಕಣ್ಣಿಗೆ ಮೃದಂಗ ಎಡಕ್ಕಿದ್ದರೂ ಕಿವಿಗೆ ಬರುವುದು ಸಾಮಾನ್ಯವಾಗಿ ಎರಡೂ ಬದಿಯ ಸ್ಪೀಕರಿನಿಂದ ಒಂದೇ ಸದ್ದು. ಸ್ಟೇಜು ಎಂದರೇನೆಂದು ಕಿವಿಗೆ ಕಲಿಸಬೇಕಾದರೆ ಯಾರದಾದರೂ ಮನೆಯ ಹಜಾರದಲ್ಲಿ ನಡೆಯುವ ಮೈಕಿಲ್ಲದ ಕಚೇರಿಗೆ ಹೋಗಿ.

ಇತ್ತೀಚಿನ ಫೋನುಗಳು ನಮ್ಮ ಕಿವಿಯ ಚಿತ್ರ ತೆಗೆದುಕೊಂಡು, ತಲೆ ತಿರುಗಿಸಿದ್ದನ್ನು ಗಮನಿಸಿ ಸದ್ದನ್ನು ಸ್ಥಿರವಾಗಿ ಎದುರಿನಲ್ಲಿ ನಿಲ್ಲಿಸುತ್ತವೆ. ಆ್ಯಪಲ್ ಕಂಪನಿ ತಲೆಯ ಚಲನೆಯನ್ನು 2020ರಲ್ಲಿ, ಕಿವಿಯ ಅಳತೆಯನ್ನು 2022ರಲ್ಲಿ ಸೇರಿಸಿತು. ತಲೆ ತಿರುಗಿಸಿದಾಗ ಸದ್ದೂ ಜೊತೆಗೆ ತಿರುಗುವುದೇ ಅದು ತಲೆಯೊಳಗಿದೆ ಎಂದು ಮಿದುಳಿಗೆ ಸಿಗುವ ದೊಡ್ಡ ಸಾಕ್ಷಿ. ಆದ್ದರಿಂದ ಈ ದಾರಿ ಸರಿಯಾದದ್ದು. ಸಿನಿಮಾಕ್ಕೆ ಈಗಲೇ ಚೆನ್ನಾಗಿದೆ, ಕಚೇರಿಯ ಮುದ್ರಣಗಳಿಗೆ ಕೃತಕ ಅನುರಣನ ಹೆಚ್ಚೆನಿಸುತ್ತದೆ.

ಕೊಳ್ಳಲು ಹೋದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಮುದ್ರಣ ಒಯ್ಯಿರಿ, ಒಂದು ಮೊನೊ, ಒಂದು ಕಚೇರಿಯ ಸ್ಟಿರಿಯೋ. ಮೊನೊ ಹಾಕಿದಾಗ ದನಿ ನಟ್ಟನಡುವೆ, ಚಿಕ್ಕದಾಗಿ, ಸ್ಥಿರವಾಗಿ ನಿಲ್ಲಬೇಕು. ಅದು ಹರಡಿಕೊಂಡರೆ ಅಥವಾ ವಾಲಿದರೆ ಎಡಬಲ ಸಮನಿಲ್ಲ, ಅಲ್ಲಿ ಕೇಳುವ ಅಗಲ ಸುಳ್ಳು. ಆಮೇಲೆ ಕಚೇರಿ ಹಾಕಿ, ಮೃದಂಗದ ಬಲಮುಖ ಮತ್ತು ಎಡಮುಖ ಒಂದೇ ವಾದ್ಯವಾಗಿ ಒಂದೇ ಜಾಗದಲ್ಲಿ ಕೇಳುತ್ತದೆಯೇ ನೋಡಿ. ಎರಡು ಹೆಡ್‌ಫೋನುಗಳನ್ನು ಒಂದೇ ಜೋರಿನಲ್ಲಿ ಹೋಲಿಸಿ, ಜೋರಾದದ್ದು ಯಾವಾಗಲೂ ಅಗಲವೆನಿಸುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಜೋರು ಸದ್ದಿನಿಂದ ಕಿವಿ ಕೆಡುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನಿಂದ ಶುರುವಾಗುತ್ತದೆ, 3,000ದಿಂದ 6,000ದ ನಡುವೆ. ಸ್ಪಷ್ಟತೆ ಮತ್ತು ದಿಕ್ಕಿನ ಸುಳಿವುಗಳು ಕೂತಿರುವ ಪ್ರದೇಶ ಅದೇ, ಅಲ್ಲಿ ಹೋದದ್ದು ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್‌ಗೆ ಏರಿದರೆ ಬರೀ 4 ಗಂಟೆ. ಹೆಬ್ಬಾಳದ ಜಾಮಿನಲ್ಲಿ ಬಸ್ಸಿನ ಸದ್ದನ್ನು ಮೀರಿಸಲು ದಯವಿಟ್ಟು ವಾಲ್ಯೂಮ್ ಏರಿಸಬೇಡಿ.